ಸೇವೆಗೆಂದು ಹೋದವರ ಪುಸ್ತಕಗಳು

ಹೊರನಾಡುಗಳನ್ನು ಕುರಿತ ಪುಸ್ತಕಗಳಿಗೆ ಕನ್ನಡದಲ್ಲಿ ಬರವಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಇವುಗಳಲ್ಲಿ ಒಂದನ್ನಾದರೂ ಓದಿ ಸಂತೋಷಪಡದ ಕನ್ನಡಿಗ ಅಪರೂಪ. ಇವುಗಳ ಗುಣ ಬೇರೆ ಬೇರೆಯಾದರೂ ಇವುಗಳಿಗೆ ಸಾಮಾನ್ಯವಾದ ಒಂದು ಲಕ್ಷಣವುಂಟು. ಬರೆದವರು ಓದಲೆಂದೋ, ನೋಡಲೆಂದೋ, ಬಂಧುಗಳ ಮನೆಯಲ್ಲಿ ಕೆಲವು ಕಾಲ ಇದ್ದು ಬರಲೆಂದೋ ಹೋದವರು. ಆ ನಾಡಿನಿಂದ ಏನನ್ನಾದರೂ ತರುವುದು ಅವರ ಉದ್ದೇಶ. ತಂದದ್ದನ್ನು ನಮಗೆ ಹಂಚಿದ್ದಾರೆ.

ಹೊರನಾಡಿಗೆ ಹೋಗುವ ಇನ್ನೊಂದು ರೀತಿಯುಂಟು. ಅಲ್ಲಿಗೆ ಏನನ್ನಾದರೂ ಕೊಡಲೆಂದು ಹೋಗುವುದು. ಒಂದೇ ಊರಿನಲ್ಲಿ ಎರಡು ವರ್ಷ ನೆಲೆಸಿ, ಅಲ್ಲಿಯ ಸಂತೆಯ ತರಕಾರಿ ತಿಂದು, ಅಲ್ಲಿಯ ಭಾಷೆಯಲ್ಲಿ ತಪ್ಪುತ್ತ ತಡವುತ್ತ ಮಾತಾಡಿ, ಸಂಬಳವಿಲ್ಲದೆ ಕೆಲಸ ಮಾಡುವುದು. ಸ್ವಯಂಸೇವಕರೆಂದು ಕರೆಸಿಕೊಳ್ಳುವ ಇಂಥವರು ಬರೆದ ಪುಸ್ತಕಗಳು ಇಂಗ್ಲಿಷಿನಲ್ಲಿ ಒಂದು ಕಪಾಟು ತುಂಬುವಷ್ಟಿವೆ. ಬಹುಪಾಲು ಓದಿ ಮರೆಯತಕ್ಕವು. ಎರಡು ಮೂರು ಮಾತ್ರ ಮರೆತೇನೆಂದರೂ ಮರೆಯಗೊಡುವುದಿಲ್ಲ. ಆ ಎರಡು ಮೂರನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಈ ಸಾಹಿತ್ಯದ ಮೊದಲ ಕೃತಿ ಯಾವುದೆಂದು ಯಾರಾದರೂ ಕೇಳಿದರೆ, ಒಂದು ಪೋಸ್ಟ್ ಕಾರ್ಡು ಎಂದು ಹೇಳಬೇಕಾದೀತು. ತಮಾಷೆಗೆ ಹೇಳುವ ಮಾತಲ್ಲ. ಅಧ್ಯಕ್ಷ ಕೆನೆಡಿಯವರು ೧೯೬೧ರ ಮಾರ್ಚಿಯಲ್ಲಿ ‘ಪೀಸ್ ಕೋರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಾವು ಶಾಂತಿದಳ ಎನ್ನೋಣ. ಅಮೆರಿಕದ ತರುಣ ತರುಣಿಯರು ಕೆಲವು ವಾರಗಳ ತರಬೇತಿ ಪಡೆದು, ತಮ್ಮನ್ನು ಕೇಳಿಕೊಂಡ ದೇಶಕ್ಕೆ ಹೋಗಿ, ಅಲ್ಲಿಯ ಜನರ ನಡುವೆ ಅವರಂತೆಯೇ ಬಾಳಿ, ಎರಡು ವರ್ಷ ಕೆಲಸ ಮಾಡಿ ಬರಬೇಕೆಂಬುದು ಯೋಜನೆ. ಊಟ ವಸತಿಗೆ ಸಾಲುವಷ್ಟು ಭತ್ಯೆಯುಂಟು. ಅದೇ ವರ್ಷದ ಆಗಸ್ಟಿನಲ್ಲಿ ಮೊದಲ ತಂಡ ಘಾನಾ ದೇಶಕ್ಕೆ ಹೋಯಿತು. ಅಕ್ಟೋಬರಿನಲ್ಲಿ ನೈಜೀರಿಯಾದ ಇಬಾದಾನ್ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಒಬ್ಬ ತರುಣಿ ತನ್ನ ನಾಡಿನ ಸ್ನೇಹಿತನಿಗೆ ಒಂದು ಕಾರ್ಡು ಬರೆದಳು. ಇಲ್ಲಿಯ ಜನ ಬೀದಿಯಲ್ಲಿಯೇ ಅಡುಗೆ ಮಾಡುತ್ತಾರೆ, ಬೀದಿಯಲ್ಲಿಯೇ ವ್ಯಾಪಾರ ಮಾಡುತ್ತಾರೆ, ಉಳಿದ ದೇಹಬಾಧೆಗಳನ್ನೂ ಬೀದಿಯಲ್ಲಿಯೇ ತೀರಿಸಿಕೊಳ್ಳುತ್ತಾರೆ ಎಂಬ ಅರ್ಥದ ಬರಹ. ಕಾರ್ಡು ಅಂಚೆಗೆ ಬೀಳುವ ಮೊದಲೇ ಕಾಲೇಜಿನ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಪ್ರತಿಗಳಾದವು, ಸಭೆಯಾಯಿತು, ಪ್ರತಿಭಟನೆಯಾಯಿತು. ಆಕೆ ದೇಶ ಬಿಡಬೇಕಾಯಿತು.

ಪಾಪ, ಆಕೆ ಸುಳ್ಳು ಬರೆದಿರಲಿಲ್ಲ, ದ್ವೇಷದಿಂದಲೂ ಬರೆದಿರಲಿಲ್ಲ. ಬಂದ ಹೊಸತರಲ್ಲಿ ಯಾರಿಗಾದರೂ ಆಗಬಹುದಾದ ದಿಗ್ಭ್ರಮೆ ಅದು. ಆದರೆ ಬರವಣಿಗೆಯಾಗಿ ನೋಡಿದರೆ ಆ ಕಾರ್ಡಿನ ದೋಷ ಸ್ಪಷ್ಟವಾಗುತ್ತದೆ. ತನ್ನ ಮಾತನ್ನು ಓದುವವನು ಒಬ್ಬನೇ, ಅವನು ತನ್ನ ಊರಿನಲ್ಲಿದ್ದಾನೆ ಎಂದು ಅದು ನಂಬಿತ್ತು. ಯಾರನ್ನು ಕುರಿತು ಬರೆದಿದೆಯೋ ಅವರಿಗೂ ಇಂಗ್ಲಿಷ್ ಬರುತ್ತದೆ, ಅದು ತನಗಿಂತ ಚೆನ್ನಾಗಿಯೂ ಬಂದೀತು ಎಂಬುದು ಆ ಗಳಿಗೆಯಲ್ಲಿ ಆಕೆಗೆ ತೋರಲಿಲ್ಲ. ಅಲ್ಲಿಂದೀಚೆಗೆ ಬಂದ ಸ್ವಯಂಸೇವಕರ ಪುಸ್ತಕಗಳನ್ನೆಲ್ಲ ನಾನು ಆ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ. ಲೇಖಕನು ತನ್ನ ವಾಕ್ಯವನ್ನು ಆ ಊರಿನವರ ಎದುರಿಗೆ ನಿಂತು ಗಟ್ಟಿಯಾಗಿ ಓದಬಲ್ಲನೆ? ಇಷ್ಟೇ ಪ್ರಶ್ನೆ. ಮೆಚ್ಚಿಸುವ ಮಾತನ್ನೇ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಎದುರಿಗೆ ಹೇಳಬಹುದಾದ ಕಟುಸತ್ಯ ಬೇರೆ, ಬೆನ್ನ ಹಿಂದಿನ ಮಾತು ಬೇರೆ.

ಹೊಸ ಜಾಗಕ್ಕೆ ಹೊಂದಿಕೊಳ್ಳುವುದನ್ನು ಕುರಿತು ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಮಾತಿದೆ: ಒಗ್ಗುವುದು. ‘ಆ ಊರಿನ ನೀರು ಅವನಿಗೆ ಒಗ್ಗಲಿಲ್ಲ’ ಎನ್ನುತ್ತೇವೆ. ವಾಕ್ಯದ ಕರ್ತೃಪದ ಯಾವುದೆಂದು ನೋಡಿ, ನೀರು. ಅವನು ನೀರಿಗೆ ಒಗ್ಗಲಿಲ್ಲ ಎನ್ನುವುದಕ್ಕಿಂತ ನೀರು ಅವನಿಗೆ ಒಗ್ಗಲಿಲ್ಲ ಎನ್ನುವುದೇ ನಮಗೆ ಸಹಜ. ಬಂದವನು ಎಷ್ಟು ಬೇಕಾದರೂ ಪ್ರಯತ್ನ ಮಾಡಲಿ, ಊರು ಒಪ್ಪಿಕೊಳ್ಳುವ ಕೆಲಸ ಊರಿನದು. ವ್ಯಾಕರಣದ ಈ ಸಣ್ಣ ವಿಷಯವನ್ನು ನಾನು ಸುಮ್ಮನೆ ಎತ್ತಿಲ್ಲ. ಸ್ವಯಂಸೇವಕರ ಸಾಮಾನ್ಯ ಪುಸ್ತಕಗಳಲ್ಲಿ ಎಲ್ಲ ವಾಕ್ಯಗಳ ಕರ್ತೃವೂ ‘ನಾನು’. ನಾನು ಕಲಿತೆ, ನಾನು ಸಹಿಸಿದೆ, ನಾನು ಕಟ್ಟಿಸಿದೆ. ಊರು ಎಲ್ಲಿಯೋ ದ್ವಿತೀಯಾ ವಿಭಕ್ತಿಯಲ್ಲಿ ಕೂತಿರುತ್ತದೆ. ಒಳ್ಳೆಯ ಪುಸ್ತಕದಲ್ಲಿ ಮಾತ್ರ ಊರು ಎದ್ದು ಬಂದು ಕರ್ತೃವಾಗುತ್ತದೆ.

ಅಂಥ ಪುಸ್ತಕಗಳಲ್ಲಿ ಮೊದಲನೆಯದು ಮಾರಿಟ್ಜ್ ಟಾಮ್ಸನ್ನರ ‘ಲಿವಿಂಗ್ ಪೂರ್’. ‘ಬಡವನಾಗಿ ಬಾಳುವುದು’ ಎಂದರೆ ಅರ್ಥ ಹತ್ತಿರ ಬರುತ್ತದೆ. ೧೯೬೯ರಲ್ಲಿ ಪ್ರಕಟವಾಯಿತು. ಟಾಮ್ಸನ್ನರು ಶಾಂತಿದಳವನ್ನು ಸೇರಿದಾಗ ಅವರಿಗೆ ೪೮ ವರ್ಷ. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಕೆಲಸ ಮಾಡಿದವರು; ಅನಂತರ ಕ್ಯಾಲಿಫೋರ್ನಿಯದಲ್ಲಿ ಹಂದಿ ಸಾಕಿ, ಬೇಸಾಯದಲ್ಲಿ ಕೈಸುಟ್ಟುಕೊಂಡವರು. ನನ್ನ ವಯಸ್ಸಿನವರು ಮನೆಯ ಸಾಲದ ಕಂತು ಎಷ್ಟು ಉಳಿಯಿತೆಂದು ಎಣಿಸುತ್ತಿರುವ ಕಾಲದಲ್ಲಿ ಈ ಮನುಷ್ಯ ದಕ್ಷಿಣ ಅಮೆರಿಕದ ಎಕ್ವಡಾರ್ ದೇಶಕ್ಕೆ ಹೊರಟರು. ಅಲ್ಲಿ ಎಸ್ಮೆರಾಲ್ಡಾಸ್ ಪ್ರಾಂತದ ಕಡಲಂಚಿನಲ್ಲಿರುವ ರಿಯೋ ವರ್ಡೆ ಎಂಬ ಬೆಸ್ತರ ಹಳ್ಳಿ ಅವರ ನೆಲೆಯಾಯಿತು. ಹೆಸರಿನ ಅರ್ಥ ಹಸುರು ಹೊಳೆ. ಹೆಸರೊಂದು ಚೆಲುವು, ಉಳಿದದ್ದು ಬಾಳೆಕಾಯಿ, ಅಕ್ಕಿ, ಸಿಕ್ಕಿದ ದಿನ ಮೀನು.

ಹಂದಿ, ಕೋಳಿ ಸಾಕುವುದನ್ನು ಕಲಿಸಬೇಕು, ಸಹಕಾರ ಸಂಘ ಕಟ್ಟಬೇಕು ಎಂಬುದು ಅವರ ಕೆಲಸ. ಕೇಳಲು ಸುಲಭ. ಹೆಚ್ಚು ಮೊಟ್ಟೆ ಇಡುವ ಜಾತಿಕೋಳಿಗೆ ಹೆಚ್ಚು ಒಳ್ಳೆಯ ಕಾಳು ಬೇಕು ಎಂಬುದು ಕೋಳಿ ಸಾಕಿದವರಿಗೆಲ್ಲ ಗೊತ್ತು. ಆ ಕಾಳನ್ನು ಕೋಳಿಗೆ ಹಾಕುವವನ ಮಕ್ಕಳೇ ಅರೆಹೊಟ್ಟೆಯಲ್ಲಿರುವಾಗ ಏನು ಮಾಡಬೇಕು? ತರಬೇತಿಯಲ್ಲಿ ಹೇಳಿಕೊಡದ ಇಂಥ ಲೆಕ್ಕಗಳಲ್ಲಿ ಪುಸ್ತಕದ ಜೀವವಿದೆ. ಈ ಜನ ಮಧ್ಯಾಹ್ನದ ಮೇಲೆ ಏಕೆ ಕೆಲಸ ಮಾಡುವುದಿಲ್ಲ ಎಂದು ಹೊರಗಿನವರೆಲ್ಲ ಕೇಳುವ ಪ್ರಶ್ನೆಗೆ ಟಾಮ್ಸನ್ನರು ಉತ್ತರ ಹುಡುಕುವುದು ಸ್ವಭಾವದಲ್ಲಲ್ಲ, ತಟ್ಟೆಯಲ್ಲಿ. ಅವರು ತಿಂದದ್ದನ್ನು ತಿಂದರೆ ಎಷ್ಟು ಹೊತ್ತು ಗುದ್ದಲಿ ಹಿಡಿಯಬಹುದು? ಸೋಮಾರಿತನವೆಂದು ನಾವು ಕರೆಯುವುದರ ಬಹುಭಾಗ ಹಸಿವೆಂದು ಪುಸ್ತಕಗಳಲ್ಲಿ ಓದಿದವರು ಬಹಳ ಮಂದಿಯಿದ್ದಾರೆ. ಅದನ್ನು ಬೆನ್ನುಮೂಳೆಯಲ್ಲಿ ಕಂಡು ಬರೆದವರು ಕಡಮೆ.

ಆದರೆ ಈ ಕೃತಿಯನ್ನು ದೊಡ್ಡದು ಮಾಡುವುದು ಹಸಿವಿನ ವರ್ಣನೆಯಲ್ಲ. ರಮೋನ್ ಎಂಬ ಬೆಸ್ತರ ತರುಣನ ಕಥೆ. ಊರಿನವರಲ್ಲಿ ಟಾಮ್ಸನ್ನರ ಮಾತನ್ನು ಪೂರ್ತಿಯಾಗಿ ನಂಬಿದವನು ಅವನೊಬ್ಬ. ಹೇಳಿದಂತೆ ಕೋಳಿ ಸಾಕಿದ, ಹಂದಿ ಸಾಕಿದ, ನಾಲ್ಕು ಕಾಸು ಕೂಡಿಸಿದ. ಯೋಜನೆಯ ವರದಿಯಲ್ಲಿ ಇದು ಜಯ. ಹಳ್ಳಿಯಲ್ಲಿ ಏನಾಯಿತು? ಇದ್ದವನು ಇಲ್ಲದವನೊಡನೆ ಹಂಚಿಕೊಳ್ಳುವುದರಿಂದಲೇ ಆ ಊರು ಉಸಿರಾಡುತ್ತಿತ್ತು. ಇವತ್ತು ನನಗೆ ಮೀನು ಸಿಕ್ಕಿತು, ನಿನಗೂ ಒಂದು. ನಾಳೆ ನಿನಗೆ ಸಿಕ್ಕೀತು. ಕೂಡಿಡಲು ಹೊರಟವನು ಹಂಚುವುದನ್ನು ನಿಲ್ಲಿಸಬೇಕು. ನಿಲ್ಲಿಸಿದೊಡನೆ ಅವನು ಊರಿನವನಲ್ಲ. ರಮೋನ್ ಮೇಲೆ ಬಂದಷ್ಟೂ ಒಂಟಿಯಾಗುತ್ತಾನೆ. ಅವನನ್ನು ಮೇಲೆತ್ತಿದ ಕೈ ತನ್ನದೇ ಎಂದು ಟಾಮ್ಸನ್ನರಿಗೆ ಗೊತ್ತು. ಹಾಗೆಂದು ಅವನು ಮೊದಲಿನಂತೆಯೇ ಇದ್ದುಬಿಡಬೇಕಿತ್ತು ಎಂದು ಹೇಳುವ ಧೈರ್ಯ ಅವರಿಗಿಲ್ಲ, ನಮಗೂ ಇಲ್ಲ. ಬಡತನವನ್ನು ಸೌಂದರ್ಯವೆಂದು ಭ್ರಮಿಸುವ ಬರಹಗಾರರಿಗೆ ಈ ಅಧ್ಯಾಯಗಳನ್ನು ಓದಲು ಕೊಡಬೇಕು. ಪ್ರಗತಿಯೆಂದರೆ ನೇರವಾದ ರಸ್ತೆಯೆಂದು ತಿಳಿದವರಿಗೂ ಕೊಡಬೇಕು.

ದೋಷಗಳಿಲ್ಲವೆ? ಇವೆ. ರಮೋನನ ಮೇಲಿನ ಪ್ರೀತಿ ತಂದೆಯ ಪ್ರೀತಿ. ಅದರಲ್ಲಿ ತಂದೆಯ ಕುರುಡೂ ಉಂಟು, ಯಜಮಾನಿಕೆಯೂ ಉಂಟು. ಮಾತು ಕೇಳಿದವನು ಮಗ, ಕೇಳದವರು ಬರಿಯ ಗುಂಪು ಎನ್ನುವಂತೆ ಕೆಲವು ಪುಟಗಳು ಓಡುತ್ತವೆ. ಊರಿನ ಹೆಂಗಸರು ಮಂಕಾಗಿ ಕಾಣುತ್ತಾರೆ. ರಮೋನನ ಹೆಂಡತಿ ಎಸ್ಟೆರ್ ಕೊನೆಯ ಬೀಳ್ಕೊಡುವಿಕೆಯ ಹೊತ್ತಿನಲ್ಲಿ ಒಮ್ಮೆಗೇ ಗಟ್ಟಿಯಾಗಿ ಅತ್ತಾಗ ನಾವು ಬೆಚ್ಚುತ್ತೇವೆ. ಇಷ್ಟು ಕಾಲ ಆಕೆಯೊಳಗೆ ಇದೆಲ್ಲ ಇತ್ತೆ, ಲೇಖಕರು ಏಕೆ ತೋರಿಸಲಿಲ್ಲ ಎನಿಸುತ್ತದೆ. ಬಹುಶಃ ಅವರೂ ಆಗಲೇ ಕಂಡರೋ ಏನೋ.

ಪುಸ್ತಕ ಮುಗಿದ ಮೇಲೆ ನಡೆದದ್ದನ್ನೂ ಹೇಳಬೇಕು. ಸ್ವಯಂಸೇವಕರ ಕಥೆ ಸಾಧಾರಣವಾಗಿ ವಿಮಾನದ ಮೆಟ್ಟಿಲಿನಲ್ಲಿ ಮುಗಿಯುತ್ತದೆ. ಟಾಮ್ಸನ್ನರದು ಮುಗಿಯಲಿಲ್ಲ. ಅವರು ಎಕ್ವಡಾರಿಗೇ ಹಿಂದಿರುಗಿದರು. ಅದೇ ಪ್ರಾಂತದಲ್ಲಿ ಹೊಳೆಯ ದಂಡೆಯ ಮೇಲೆ ರಮೋನನೊಡನೆ ಪಾಲುದಾರಿಕೆಯಲ್ಲಿ ಜಮೀನು ಮಾಡಿದರು. ಅದರ ಕಥೆ ೧೯೭೮ರ ಪುಸ್ತಕದಲ್ಲಿದೆ. ಕೊನೆಗೆ ಆ ಜಮೀನಿನಿಂದ ಅವರನ್ನು ಹೊರಡಿಸಿದವನೂ ರಮೋನನೇ. ಆಗ ಅವರಿಗೆ ಅರವತ್ತು ದಾಟಿತ್ತು. ಅದನ್ನೂ ಅವರು ೧೯೯೦ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಬರೆದರು. ಮರುವರ್ಷ ಗ್ವಾಯಕಿಲ್ ನಗರದಲ್ಲಿ ಕಾಲರಾದಿಂದ ತೀರಿಕೊಂಡರು. ಬಡವರ ರೋಗ ಬಡವರ ನಾಡಿನಲ್ಲಿಯೇ ಅವರನ್ನು ಹಿಡಿಯಿತು. ಇದನ್ನು ಓದಿದ ಮೇಲೆ ‘ಲಿವಿಂಗ್ ಪೂರ್’ ಎಂಬ ಹೆಸರನ್ನು ಮೊದಲಿನ ಅರ್ಥದಲ್ಲಿ ಓದಲಾಗುವುದಿಲ್ಲ.

ಪೀಟರ್ ಹೆಸ್ಲರರ ‘ರಿವರ್ ಟೌನ್’ ಇದಕ್ಕಿಂತ ಪ್ರಸಿದ್ಧವಾದದ್ದು. ನಮ್ಮ ಪೇಟೆಯ ಪುಸ್ತಕದಂಗಡಿಗಳಲ್ಲಿಯೂ ಸಿಕ್ಕುತ್ತದೆ. ಪ್ರಕಟವಾದದ್ದು ೨೦೦೧ರಲ್ಲಿ. ಹೆಸ್ಲರರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ೧೯೯೬ರಲ್ಲಿ ಚೀನದ ಯಾಂಗ್ಟ್ಸಿ ನದಿಯ ದಂಡೆಯ ಫೂಲಿಂಗ್ ಎಂಬ ಊರಿಗೆ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳಲು ಹೋದರು. ಚೀನದಲ್ಲಿ ಶಾಂತಿದಳದ ಹೆಸರಿಗೆ ಮಾವೋ ಕಾಲದಿಂದ ಕೆಟ್ಟ ವಾಸನೆ ಅಂಟಿಕೊಂಡಿದ್ದುದರಿಂದ ‘ಅಮೆರಿಕ-ಚೀನ ಸ್ನೇಹ ಸ್ವಯಂಸೇವಕ’ ಎಂಬ ಬೇರೆ ಹೆಸರು ಕೊಟ್ಟಿದ್ದರು. ಎರಡು ನದಿಗಳ ಸಂಗಮದಲ್ಲಿರುವ ಊರು. ಗುಡ್ಡದ ಮೇಲೆ ಗುಡ್ಡ, ಎಲ್ಲೆಲ್ಲೂ ಮೆಟ್ಟಿಲು, ಬೈಸಿಕಲ್ಲು ಓಡದ ಚೀನದ ಊರು. ಅರ್ಧ ಶತಮಾನದಿಂದ ಅಲ್ಲಿ ಅಮೆರಿಕದವರು ಯಾರೂ ಬಾಳಿರಲಿಲ್ಲ. ಬೀದಿಗೆ ಇಳಿದರೆ ಜನ ಮುತ್ತುತ್ತಾರೆ, ಕೂಗುತ್ತಾರೆ, ಅಣಕಿಸುತ್ತಾರೆ.

ನಾನು ಮೇಷ್ಟ್ರಾದುದರಿಂದ ತರಗತಿಯ ಪ್ರಕರಣಗಳು ನನಗೆ ಹೆಚ್ಚು ರುಚಿಸಿದವು ಎಂದು ಬೇಕಾದರೆ ಹೇಳಿ. ಹಳ್ಳಿಯ ರೈತರ ಮಕ್ಕಳು ಷೇಕ್ಸ್‌ಪಿಯರನ ಸುನೀತಗಳನ್ನು ಓದುತ್ತಾರೆ, ‘ಹ್ಯಾಮ್ಲೆಟ್’ ಆಡುತ್ತಾರೆ. ಇವರು ಇಂಗ್ಲೆಂಡಿನ ವಿಮರ್ಶಕರು ಹೇಳಿದ್ದನ್ನು ಕೇಳಿದವರಲ್ಲ. ಪದ್ಯವನ್ನೇ ಕಿವಿಯಿಟ್ಟು ಕೇಳಿದವರು. ಅಲ್ಲಿ ಕಲಿತವರು ಯಾರು, ಕಲಿಸಿದವರು ಯಾರು ಎಂದು ನನಗೆ ಸಂದೇಹ. ಇನ್ನೊಂದು ಪ್ರಸಂಗವಂತೂ ಮರೆಯುವಂತಿಲ್ಲ. ಹೆಸ್ಲರರ ಜೊತೆಗಾರ ಆಡಮ್ ಎಂಬವರ ವಿದ್ಯಾರ್ಥಿಗಳು ‘ಡಾನ್ ಕ್ವಿಕ್ಸೋಟ್’ ಕಥೆಯನ್ನು ನಾಟಕವಾಗಿ ಮಾಡುವಾಗ ಅದರೊಳಕ್ಕೆ ಲೇ ಫೆಂಗನನ್ನು ತಂದರು. ಲೇ ಫೆಂಗ್ ಎಂದರೆ ಚೀನದ ಶಾಲಾ ಪುಸ್ತಕಗಳ ಆದರ್ಶ ಸೇವಕ. ತನಗಾಗಿ ಏನನ್ನೂ ಬಯಸದೆ ಪರರಿಗಾಗಿ ದುಡಿದ ಸೈನಿಕ. ವೀರರ ಕಥೆ ಓದಿ ತಲೆಕೆಟ್ಟ ಕ್ವಿಕ್ಸೋಟನ ಹಾಗೆ ಲೇ ಫೆಂಗನ ಕಥೆ ಓದಿ ತಲೆಕೆಟ್ಟವನೊಬ್ಬ ಲೋಕಸೇವೆಗೆ ಹೊರಟರೆ ಹೇಗೆ? ಕಾಲೇಜಿನ ಮೇಲಧಿಕಾರಿಗಳಿಗೆ ನಗು ಬರಲಿಲ್ಲ. ಆದರೆ ಓದುವ ನಮಗೆ ಇನ್ನೊಂದು ನಗು ಕಾದಿದೆ. ಅಷ್ಟು ದೂರದಿಂದ ಸೇವೆಗೆಂದು ಬಂದ ಇಬ್ಬರು ಬಿಳಿಯ ಕ್ವಿಕ್ಸೋಟರು ಅದೇ ಕೋಣೆಯಲ್ಲಿ ಕೂತಿದ್ದಾರಲ್ಲ!

ಭಾಷೆ ಕಲಿಯುವ ಕಷ್ಟವನ್ನು ಇಷ್ಟು ಚೆನ್ನಾಗಿ ಬರೆದ ಪುಸ್ತಕವನ್ನು ನಾನು ಬೇರೆ ಓದಿಲ್ಲ. ಚೀನೀ ಪಾಠ ಹೇಳುವ ಅಧ್ಯಾಪಿಕೆ ತಪ್ಪಾದಾಗ ‘ತಪ್ಪು’ ಎನ್ನುತ್ತಾಳೆ. ಸಕ್ಕರೆ ಸವರುವ ರೂಢಿ ಅಲ್ಲಿಲ್ಲ. ಆ ಒಂದು ಪದ ದಿನಕ್ಕೆ ನೂರು ಸಲ ಕಿವಿಗೆ ಬಡಿಯುತ್ತದೆ. ಆಕ್ಸ್‌ಫರ್ಡಿನ ಪದವೀಧರ ಒಂದನೆಯ ತರಗತಿಯ ಹುಡುಗನಾಗುತ್ತಾನೆ. ತಿಂಗಳುಗಳು ಕಳೆದು, ಹೊಟೇಲಿನ ಬೆಂಚಿನ ಮೇಲೆ ಕೂತು ಊರಿನ ಪತ್ರಿಕೆಯನ್ನು ತಡವರಿಸಿ ಓದುವಷ್ಟಾದಾಗ, ಆ ಊರಿನಲ್ಲಿ ಅವರ ಹೆಸರು ಹೋ ವೇ. ಇಲ್ಲಿ ಹೆಸ್ಲರರು ಒಂದು ಸೂಕ್ಷ್ಮವನ್ನು ಹಿಡಿದಿದ್ದಾರೆ. ಹೋ ವೇ ಬೇರೆಯ ಮನುಷ್ಯ. ಅವನು ಸ್ವಲ್ಪ ಮಂದ, ತೊದಲು ಮಾತಿನವನು. ಜನ ಅವನನ್ನು ನೋಡಿ ನಗುತ್ತಾರೆ, ಆದ್ದರಿಂದಲೇ ಅವನೊಡನೆ ಮನಬಿಚ್ಚಿ ಮಾತಾಡುತ್ತಾರೆ. ಮನೆಗೆ ಬಂದು ಟಿಪ್ಪಣಿ ಓದಿ ಇಂಗ್ಲಿಷಿನಲ್ಲಿ ಬರೆಯುವವನು ಪೀಟರ್ ಹೆಸ್ಲರ್. ಇಬ್ಬರಿಗೂ ಸಮಾನವಾದದ್ದು ಒಂದು ನೋಟ್‌ಬುಕ್ಕು. ಪರಭಾಷೆಯಲ್ಲಿ ಎರಡು ವರ್ಷ ಬಾಳಿದ ಯಾರೇ ಆಗಲಿ ಇದನ್ನು ಓದಿ ತಲೆದೂಗುತ್ತಾರೆ. ನಮ್ಮಲ್ಲಿಗೆ ಬಂದ ಕಿಟೆಲ್ಲರನ್ನು ನೆನೆಯಿರಿ. ಅವರ ನಿಘಂಟು ನಮ್ಮ ಕೈಯಲ್ಲಿದೆ; ಆದರೆ ಬಂದ ಹೊಸತರಲ್ಲಿ ಅವರ ಯಾವ ಮಾತಿಗೆ ಸಂತೆಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿರಬಹುದು ಎಂದು ತಿಳಿಯುವ ಆಸೆ ನನಗೆ ಇವತ್ತಿಗೂ ಇದೆ.

ಹೆಸ್ಲರರ ಮೇಲೆ ನನ್ನ ಆಕ್ಷೇಪವೊಂದಿದೆ. ಅವರ ಬರಹ ಬಹಳ ಸಮತೂಕದ್ದು. ಎಲ್ಲ ಅಧ್ಯಾಯಗಳಿಗೂ ಅಳತೆಗೋಲು ಹಿಡಿದಂತಿದೆ. ಸಿಟ್ಟು ಬಂದಾಗಲೂ ಪತ್ರಕರ್ತನ ವಿವೇಕ ಬಂದು ಹೆಗಲ ಮೇಲೆ ಕೈಯಿಡುತ್ತದೆ. ಟಾಮ್ಸನ್ನರು ಇಂಥ ಕಡೆಗಳಲ್ಲಿ ಕೂಗಿಬಿಡುತ್ತಾರೆ. ನನಗೆ ಆ ಕೂಗು ಬೇಕು. ಆದರೂ ಪುಸ್ತಕದ ಕೊನೆಯ ಭಾಗದಲ್ಲಿ ಬರುವ ಬೀದಿಜಗಳವನ್ನು ಹೆಸ್ಲರರು ಮುಚ್ಚಿಡಲಿಲ್ಲವೆಂಬುದಕ್ಕೆ ಮೆಚ್ಚಬೇಕು. ಎರಡು ವರ್ಷ ಮುಗಿಯುತ್ತ ಬಂದಿದೆ. ನೆನಪಿಗಿರಲೆಂದು ಊರನ್ನು ಚಿತ್ರ ತೆಗೆಯುತ್ತಿರುವಾಗ ಗುಂಪು ಕೂಡುತ್ತದೆ, ಮಾತು ಬೆಳೆಯುತ್ತದೆ, ತಳ್ಳಾಟವಾಗುತ್ತದೆ. ಭಾಷೆ ಬಂದಿತ್ತು, ಸ್ನೇಹಿತರಿದ್ದರು, ಊರಿನ ಓಟದ ಪಂದ್ಯದಲ್ಲಿ ಗೆದ್ದೂ ಆಗಿತ್ತು. ಆದರೂ ನೀರು ಪೂರ್ತಿ ಒಗ್ಗಿರಲಿಲ್ಲ. ಸಾಮಾನ್ಯ ಲೇಖಕ ಈ ಪ್ರಸಂಗವನ್ನು ಮೊದಲನೆಯ ತಿಂಗಳಿಗೆ ಎಳೆದು, ಕೊನೆಯಲ್ಲಿ ಹಾರತುರಾಯಿ ಇಡುತ್ತಿದ್ದ.

ಮೂರನೆಯದನ್ನು ಬೇಗ ಮುಗಿಸುತ್ತೇನೆ. ಜಾರ್ಜ್ ಪ್ಯಾಕರರ ‘ದಿ ವಿಲೇಜ್ ಆಫ್ ವೇಟಿಂಗ್’ ೧೯೮೮ರಲ್ಲಿ ಬಂದದ್ದು. ಪಶ್ಚಿಮ ಆಫ್ರಿಕದ ಟೋಗೋ ದೇಶದ ಲಾವಿಯೆ ಎಂಬ ಹಳ್ಳಿ; ಆ ಹೆಸರಿನಲ್ಲಿಯೇ ‘ಸ್ವಲ್ಪ ಕಾದಿರು’ ಎಂಬ ಅರ್ಥವಿದೆಯಂತೆ. ಸರ್ವಾಧಿಕಾರಿಯ ಆಳ್ವಿಕೆ, ಓದಿದ ಹುಡುಗರಿಗೆ ಕೆಲಸವಿಲ್ಲ, ಎಲ್ಲರೂ ಯಾವುದಕ್ಕಾಗಿಯೋ ಕಾಯುತ್ತಿದ್ದಾರೆ. ಇಂಗ್ಲಿಷ್ ಮೇಷ್ಟ್ರಾಗಿ ಹೋದ ಪ್ಯಾಕರರು ಅವಧಿ ಮುಗಿಯುವ ಮೊದಲೇ ರಜೆಯಲ್ಲಿ ಯೂರೋಪಿಗೆ ಹೋದವರು ಹಿಂದಿರುಗಲಿಲ್ಲ. ರಾಜಕೀಯದ ತಿಳಿವಳಿಕೆ ಮೂವರಲ್ಲಿ ಇವರಿಗೇ ಹೆಚ್ಚು. ಆದರೆ ಹಳ್ಳಿ ಇವರ ಮೈಗೆ ತಾಗಿದ್ದು ಕಡಮೆ. ಆ ಹಳ್ಳಿಯವರು ಕಾಯಬಲ್ಲರು, ತಾನು ಕಾಯಲಾರೆ ಎಂಬ ವ್ಯತ್ಯಾಸವನ್ನು ಮರೆಮಾಚದೆ ಬರೆದರೆಂಬುದೇ ಇದರ ಬೆಲೆ. ಎಷ್ಟು ಬಡವನಂತೆ ಬಾಳಿದರೂ ಸ್ವಯಂಸೇವಕನ ಪೆಟ್ಟಿಗೆಯ ತಳದಲ್ಲಿ ಹಿಂದಿರುಗುವ ಟಿಕೇಟು ಇದ್ದೇ ಇರುತ್ತದೆ. ಕಾಯಿಲೆ ಬಿದ್ದರೆ ಅವನನ್ನು ಎತ್ತಿಕೊಂಡು ಹೋಗಲು ವಿಮಾನ ಬರುತ್ತದೆ. ಪಕ್ಕದ ಮನೆಯ ಮಗುವಿಗೆ ಬರುವುದಿಲ್ಲ. ಇದನ್ನು ಒಂದು ಸಲವೂ ನೆನೆಯದ ಪುಸ್ತಕಗಳನ್ನು ನಾನು ನಂಬುವುದಿಲ್ಲ.

ಕಪಾಟಿನ ಉಳಿದ ಪುಸ್ತಕಗಳು ಹೇಗಿರುತ್ತವೆಂದು ಕೇಳುವಿರಾದರೆ, ಹತ್ತು ಓದಿದವರು ಹನ್ನೊಂದನೆಯದನ್ನು ಓದದೆಯೇ ಹೇಳಬಹುದು. ಮೊದಲು ಹೊಟ್ಟೆ ಕೆಡುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲೆ ಯಾರದೋ ಕೋಳಿ ಕೂರುತ್ತದೆ. ಹಲ್ಲಿಲ್ಲದ ಮುದುಕನೊಬ್ಬ ಬಂದು ಉಪನಿಷತ್ತಿಗೆ ಸಾಟಿಯಾದ ಒಂದು ಮಾತು ಹೇಳುತ್ತಾನೆ. ಕಟ್ಟಿದ ಬಾವಿ ಬತ್ತಿದರೂ ಮಕ್ಕಳ ನಗು ಬತ್ತುವುದಿಲ್ಲ. ಕೊನೆಯಲ್ಲಿ ‘ನಾನು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು’ ಎಂಬ ಮಾತು ಬರಲೇಬೇಕು. ಕೇಳಲು ವಿನಯದಂತಿದ್ದರೂ ಆ ಮಾತು ನನಗೆ ಸೇರದು. ಹೆಚ್ಚು ಪಡೆದದ್ದು ನಿಜವಾದರೆ ಆ ಊರಿಗೆ ನಷ್ಟವಾಯಿತೆಂದು ಅರ್ಥವಲ್ಲವೆ? ಆ ನಷ್ಟವನ್ನು ಭರ್ತಿ ಮಾಡುವವರು ಯಾರು?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪೂರ್ವ ಆಫ್ರಿಕದ ಒಂದು ಶಾಲೆಗೆ ಸ್ವಯಂಸೇವಕಳಾಗಿ ಹೊರಟಾಗ, ‘ಏನು ಓದಿಕೊಂಡು ಹೋಗಲಿ ಸಾರ್?’ ಎಂದು ಕೇಳಿದ್ದಳು. ಟಾಮ್ಸನ್, ಹೆಸ್ಲರ್ ಇಬ್ಬರನ್ನೂ ಕೊಟ್ಟು ಕಳಿಸಿದೆ. ಆರು ತಿಂಗಳ ಮೇಲೆ ಅವಳು ಬರೆದ ಕಾಗದದಲ್ಲಿ ಒಂದು ವಿಮರ್ಶೆಯಿತ್ತು. ನಾನು ಈವರೆಗೆ ಹೇಳಿದ್ದಕ್ಕಿಂತ ಅದು ಹರಿತವಾದದ್ದು. ‘ಎರಡೂ ಗಂಡಸರು ಬರೆದದ್ದು ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು ಸಾರ್. ಒಂಟಿ ಹೆಣ್ಣುಮಗಳು ಮನೆ ಹಿಡಿದರೆ ಇಲ್ಲಿ ಮೊದಲು ಕೇಳುವುದು ಏನು ಕೆಲಸಕ್ಕೆ ಬಂದೆ ಅಂತ ಅಲ್ಲ, ಯಾಕೆ ಮದುವೆಯಾಗಿಲ್ಲ ಅಂತ. ನಮ್ಮ ಊರಿನಲ್ಲೂ ಅದೇ ಕೇಳುತ್ತಿದ್ದರು. ಅದರಿಂದ ನನಗೆ ಇಲ್ಲಿ ಪರಸ್ಥಳ ಅಂತ ಅನಿಸಿಲ್ಲ.’ ಟಾಮ್ಸನ್ನರನ್ನು ಅರ್ಧಕ್ಕೆ ಮುಚ್ಚಿಟ್ಟಳಂತೆ. ಹಗಲೆಲ್ಲ ಕಂಡದ್ದನ್ನೇ ರಾತ್ರಿ ದೀಪದ ಬೆಳಕಿನಲ್ಲಿ ಮತ್ತೆ ಓದುವುದು ಆಗಲಿಲ್ಲವೆಂದು ಬರೆದಿದ್ದಳು. ಪುಸ್ತಕಕ್ಕೆ ಇದಕ್ಕಿಂತ ಮೇಲಾದ ಪ್ರಶಂಸೆ ಬೇಕೆ ಎಂದು ನಾನು ತಿಳಿದುಕೊಂಡೆ. ಅವಳು ಹಾಗೆಂದು ಬರೆದಿರಲಿಕ್ಕಿಲ್ಲ.

ಶಾಂತಿದಳದವರು ಭಾರತಕ್ಕೂ ಬಂದಿದ್ದರು, ೧೯೬೧ರಿಂದ ೧೯೭೬ರ ವರೆಗೆ. ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಕೋಳಿ ಸಾಕಣೆ ಮುಂತಾದ ಕೆಲಸಗಳಲ್ಲಿ ಅವರ ತರುಣರಿದ್ದರು. ಕನ್ನಡ ಕಲಿತು ಬಂದಿದ್ದರು. ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು, ಎತ್ತರದ ಬಿಳಿಯ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದು ‘ನಮಸ್ಕಾರ, ಕೋಳಿ ಹೇಗಿವೆ?’ ಎಂದು ಕೇಳಿದ್ದು. ಆ ಹುಡುಗರು ನಮ್ಮನ್ನು ಕುರಿತು ತಮ್ಮ ಮನೆಗೆ ಏನು ಬರೆದರೋ, ಅದು ಅವರ ಪುಸ್ತಕ. ಅವರನ್ನು ಕುರಿತು ನಮ್ಮ ಹಳ್ಳಿಯವರು ಜಗಲಿಯ ಮೇಲೆ ಕೂತು ಆಡಿಕೊಂಡ ಮಾತು ಇನ್ನೊಂದು ಪುಸ್ತಕ. ನೆನಪಿರುವವರು ಎಂಬತ್ತರ ಆಚೆ ಈಚೆ ಇದ್ದಾರೆ; ಮನೆಯಲ್ಲಿ ಅಂಥ ಹಿರಿಯರಿರುವ ಓದುಗರು ಒಂದು ಸಂಜೆ ಹತ್ತಿರ ಕೂತು ಕೇಳಿ ಬರೆದಿಟ್ಟುಕೊಂಡರೆ ದೊಡ್ಡ ಉಪಕಾರವಾದೀತು. ವಿಶ್ವವಿದ್ಯಾನಿಲಯಗಳು ಮಾಡಲಿ ಎಂದು ಕಾದರೆ ಲಾವಿಯೆ ಗ್ರಾಮದ ಗತಿಯಾದೀತು.

ಫೂಲಿಂಗಿನವರಿಗೆ ಈ ವಿಷಯದಲ್ಲಿ ಒಂದು ಭಾಗ್ಯ ಒದಗಿತು. ‘ರಿವರ್ ಟೌನ್’ ೨೦೧೨ರಲ್ಲಿ ಚೀನೀ ಭಾಷೆಯಲ್ಲಿ ಪ್ರಕಟವಾಯಿತು. ಅನುವಾದಿಸಿದ ಲೀ ಷ್ಯುಎಷುನ್ ಅವರು ಹೆಸ್ಲರರು ಪಾಠ ಹೇಳಿದ ಆ ಕಾಲೇಜಿನ ಅಧ್ಯಾಪಕರೇ. ಅಷ್ಟು ಹೊತ್ತಿಗೆ ಹಳೆಯ ಊರಿನ ಕೆಳಭಾಗ ಮೂರು ಕಣಿವೆಗಳ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿತ್ತು. ಹೆಸ್ಲರರು ಒಂದು ಅಧ್ಯಾಯವನ್ನೇ ಮೀಸಲಿಟ್ಟ, ನದಿಯ ನೀರಿನ ಮಟ್ಟವನ್ನು ಶತಶತಮಾನಗಳಿಂದ ಕೊರೆದಿಟ್ಟ ಬಿಳಿಕೊಕ್ಕರೆ ಬಂಡೆಯನ್ನು ಜನ ಈಗ ನೀರಿನ ಒಳಗಿನ ವಸ್ತುಸಂಗ್ರಹಾಲಯದ ಗಾಜಿನ ಮೂಲಕ ನೋಡುತ್ತಾರೆ. ಪರದೇಶದ ಹುಡುಗನೊಬ್ಬ ತಡವರಿಸುತ್ತ ಬರೆದುಕೊಂಡ ಟಿಪ್ಪಣಿಯಲ್ಲಿ ಆ ಮೆಟ್ಟಿಲುಗಳು, ಆ ಗದ್ದಲ ಉಳಿದಿವೆ. ಚೀನದಲ್ಲಿ ಶಾಂತಿದಳದ ಕೆಲಸ ೨೦೨೦ರಲ್ಲಿ ನಿಂತಿತು.

ಈ ಮೂರರಲ್ಲಿ ಒಂದನ್ನು ಕನ್ನಡಕ್ಕೆ ತರಬೇಕೆಂದು ಯಾರಾದರೂ ಮನಸ್ಸು ಮಾಡಿದರೆ, ‘ಲಿವಿಂಗ್ ಪೂರ್’ ತರಲಿ ಎಂದು ನನ್ನ ಬಿನ್ನಹ. ಇಂಗ್ಲಿಷ್ ಸುಲಭವೇ, ತೊಡಕು ಬೇರೆ ಕಡೆ. ರಮೋನನ ಬಾಯಲ್ಲಿ ಯಾವ ಕನ್ನಡ ಆಡಿಸುವುದು? ನಾನು ಈಗ ಬರೆಯುತ್ತಿರುವ ಈ ಕಾಲೇಜಿನ ಕನ್ನಡವಂತೂ ಅವನ ಬಾಯಿಗೆ ಸಲ್ಲದು. ಬಲೆ, ದೋಣಿ, ಉಬ್ಬರ, ಸಾಲ ಇವುಗಳ ಮಾತು ಗೊತ್ತಿರುವ, ಕುಮಟಾ ಹೊನ್ನಾವರದ ಕಡಲತೀರದಲ್ಲಿ ಬೆಳೆದ ಯಾರಾದರೂ ಕೈಗೆತ್ತಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ. ನನ್ನ ಪ್ರತಿ ಆ ವಿದ್ಯಾರ್ಥಿನಿಯ ಬಳಿಯಿದೆ. ಬೇಕಾದವರಿಗೆ ಅವಳು ಬಂದ ಮೇಲೆ ಕೊಡಿಸಬಲ್ಲೆ.